ಬತ್ತೆ ಪುಸ್ತಕ

ಶಾಸಕರ ಸಂಬಳ ಏರಿದ ಸುದ್ದಿ ಪೇಪರಿನಲ್ಲಿ ಬಂದ ದಿನ ನೇರೋಳ್‌ಪದವಿನ ಹಾಲಿನ ಸೊಸೈಟಿಯಲ್ಲಿ ಅಳತೆ ಶುರುವಾಗಲು ಕಾಲು ಗಂಟೆ ತಡವಾಯಿತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ರುಕ್ಮಯ್ಯ ಗಟ್ಟಿಯಾಗಿ ಓದುತ್ತಿದ್ದ.

"ಸಂಬಳ ಎರಡು ಪಟ್ಟು. ಅದರ ಮೇಲೆ ಮನೆಗೆ ಬೇರೆ, ಫೋನಿಗೆ ಬೇರೆ, ಕಾರಿನ ಎಣ್ಣೆಗೆ ಬೇರೆ. ಓಡಾಟಕ್ಕೂ ಬೇರೆ ಮಾರಾಯ್ರೆ!"

"ನಮ್ಮ ಹಾಲಿಗೆ ಲೀಟರಿಗೆ ಒಂದು ರೂಪಾಯಿ ಏರಿಸಲಿಕ್ಕೆ ವರ್ಷ ಬೇಕು" ಎಂದಳು ಹಿಂದಿನಿಂದ ಜುಲೈಕಾ. "ಅವರದ್ದು ಅವರಿಗೆ ಏರಿಸಿಕೊಳ್ಳಲಿಕ್ಕೆ ಎಷ್ಟು ಹೊತ್ತು ಹಿಡಿಯಿತಂತೆ? ಅದನ್ನೂ ಓದಿ."

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಮ್ಮಣ್ಣಿಗೆ. ಅವಳು ಆ ವಾರ್ಡಿನ ಪಂಚಾಯತಿ ಸದಸ್ಯೆ. ಅರುವತ್ತು ದಾಟಿದ ಹೆಂಗಸು, ಎರಡು ದನ ಸಾಕಿಕೊಂಡಿದ್ದವಳು, ಮಹಿಳಾ ಮೀಸಲು ಬಂದಾಗ ಊರಿನವರೇ ಹಿಡಿದು ನಿಲ್ಲಿಸಿ ಗೆಲ್ಲಿಸಿದವಳು.

"ನಮ್ಮ ಕಿಸೆಗೆ ಕೈ ಹಾಕುವಾಗ ನಮ್ಮಲ್ಲಿ ಒಂದು ಮಾತು ಕೇಳಬೇಕೋ ಬೇಡವೋ?" ಎಂದಳು. "ಬರುವ ಗ್ರಾಮಸಭೆಯಲ್ಲಿ ನಾನು ಠರಾವು ಇಡ್ತೇನೆ. ಇದು ಸರಿಯಲ್ಲ ಅಂತ ನಮ್ಮ ಊರಿನಿಂದ ಒಂದು ಕಾಗದವಾದರೂ ಹೋಗಲಿ."

ರುಕ್ಮಯ್ಯ ಪೇಪರು ಮಡಚಿದ. "ನೀವೂ ಅದೇ ಪಂಗಡ ಅಲ್ವಾ ಅಕ್ಕ? ಮೆಂಬರ್ರು!"

"ಮೆಂಬರು ಹೌದು, ಅವರ ಬಳಗ ಅಲ್ಲ. ಬೇಕಾದರೆ ನಮ್ಮ ಪಂಚಾಯತಿಯ ಪುಸ್ತಕ ತೆಗೆಸಿ ನೋಡಿ. ಯಾಕೂಬ್ ಮಾಷ್ಟ್ರೆ, ನೀವು ಮಾಹಿತಿ ಹಕ್ಕಿನ ಅರ್ಜಿ ಹಾಕುವವರಲ್ಲವಾ? ನಮ್ಮದರಿಂದಲೇ ಶುರು ಮಾಡಿ. ಮೇಲಿನವರನ್ನು ಕೇಳುವ ಮೊದಲು ನಮ್ಮದು ಸರಿ ಉಂಟು ಅಂತ ತೋರಿಸುವ."

ಯಾಕೂಬ್ ಮಾಷ್ಟ್ರು ನಿವೃತ್ತ ಹೆಡ್‌ಮಾಷ್ಟ್ರು. ಮಾತು ಕಡಿಮೆ, ಅರ್ಜಿ ಹೆಚ್ಚು. ಅಂದೇ ಮಧ್ಯಾಹ್ನ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಹಚ್ಚಿ ಅರ್ಜಿ ಕೊಟ್ಟರು.

ಮುಂದೆ ಒಂದು ತಿಂಗಳು ಅಮ್ಮಣ್ಣಿಗೆ ಬಿಡುವಿರಲಿಲ್ಲ. ಠರಾವಿನ ಮಾತು ವೇಣೂರಿನ ಪೇಟೆಯವರೆಗೂ ಹೋಯಿತು. ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವಾಗ ಗುರುತಿಲ್ಲದ ಹೆಂಗಸೊಬ್ಬಳು ಬಂದು, "ಎಮ್ಮೆಲ್ಲೆಗಳಿಗೆ ಕಾಗದ ಬರೆಯುವವರು ನೀವೆಯಾ?" ಎಂದು ಕೈ ಹಿಡಿದುಕೊಂಡಳು. ಅಮ್ಮಣ್ಣಿಗೆ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಇಷ್ಟು ವರ್ಷ ಜನರ ಬಾಯಲ್ಲಿ ಅವಳ ಹೆಸರು ದನ ಕರು ಹಾಕಿದಾಗ ಮಾತ್ರ ಬರುತ್ತಿತ್ತು.

ಗ್ರಾಮಸಭೆಯ ಹಿಂದಿನ ದಿನ, ಊಟದ ಹೊತ್ತಿಗೆ, ಯಾಕೂಬ್ ಮಾಷ್ಟ್ರು ಅವಳ ಮನೆಗೆ ಬಂದರು. ಕೈಯಲ್ಲಿ ಒಂದು ಲಕೋಟೆ. ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಬಾಯಿ ತೆರೆದರು.

"ಉತ್ತರ ಬಂತು ಅಕ್ಕ. ಸದಸ್ಯರ ಪ್ರಯಾಣದ ಖರ್ಚಿನ ಪಟ್ಟಿ. ಹನ್ನೊಂದು ತಿಂಗಳದ್ದು."

"ಯಾರು ಹೆಚ್ಚು ತಗೊಂಡದ್ದು? ಶೇಷಪ್ಪಣ್ಣನಾ?" ಎಂದಳು ಅಮ್ಮಣ್ಣಿ. ಶೇಷಪ್ಪ ಪಂಚಾಯತಿಯ ಅಧ್ಯಕ್ಷ.

"ಅಧ್ಯಕ್ಷರದ್ದು ಮೂವತ್ತೊಂದು ಸಲ." ಮಾಷ್ಟ್ರು ನೆಲ ನೋಡಿದರು. "ನಿಮ್ಮದು ನೂರ ಅರುವತ್ತನಾಲ್ಕು."

ಅಮ್ಮಣ್ಣಿ ನಕ್ಕಳು. ನಗು ಮುಗಿದರೂ ಮಾಷ್ಟ್ರು ನಗಲಿಲ್ಲ.

"ತಮಾಷೆ ಮಾಡ್ಬೇಡಿ ಮಾಷ್ಟ್ರೆ. ನಾನು ಒಂದು ಸಲವೂ ಬಸ್ಸಿನ ಖರ್ಚು ಕೇಳಿದವಳಲ್ಲ."

"ಕೇಳಿದ್ದೀರಿ ಅಂತ ಸಹಿ ಉಂಟು. ಪ್ರಯಾಣ ಭತ್ಯೆಯ ಪುಸ್ತಕದ ನಕಲು, ನೋಡಿ. ಬೆಳ್ತಂಗಡಿ ತಾಲೂಕು ಕಚೇರಿಗೆ ಭೇಟಿ, ಬೆಳ್ತಂಗಡಿಗೆ ಭೇಟಿ, ಪುಟದ ಉದ್ದಕ್ಕೂ. ಕೊನೆಗೆ ನಿಮ್ಮ ಸಹಿ."

ಸಹಿ ಅವಳದ್ದೇ. ಕೊನೆಯ ಅಕ್ಷರದ ಬಾಲವನ್ನು ಎಳೆದು ಕೆಳಗೆ ಗೆರೆ ಹಾಕುವುದು ಅವಳ ಅಭ್ಯಾಸ. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು.

"ಇದು ಹಾಜರಿ ಪುಸ್ತಕ ಅಲ್ವಾ? ಬತ್ತೆ ಪುಸ್ತಕ?"

"ಭತ್ಯೆ ಪುಸ್ತಕ" ಎಂದರು ಮಾಷ್ಟ್ರು, ಕ್ಲಾಸಿನಲ್ಲಿ ಹೇಳಿಕೊಡುವಂತೆ ಅಕ್ಷರ ಒತ್ತಿ.

ಅಮ್ಮಣ್ಣಿ ಅಲ್ಲೇ ಮಣೆಯ ಮೇಲೆ ಕುಳಿತಳು. ಒಂದು ವರ್ಷದ ಹಿಂದಿನ ಆ ಬೆಳಗು ಅವಳಿಗೆ ಚೆನ್ನಾಗಿ ನೆನಪಿತ್ತು. ಸದಸ್ಯೆಯಾಗಿ ಪಂಚಾಯತಿಗೆ ಹೋದ ಮೊದಲ ದಿನಗಳು. ತುಳುವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುತ್ತ ಹೊರಗಿನಿಂದಲೇ ಕೂಗುವ ಮಾತು ಒಂದೇ: "ಬತ್ತೆ!" ಬಂದೆ, ಎಂದಷ್ಟೇ ಅರ್ಥ. ಅವಳೂ ಕಚೇರಿಯ ಬಾಗಿಲಲ್ಲಿ ಹಾಗೆಯೇ ಕೂಗಿದ್ದಳು. ಒಳಗೆ ಕುಳಿತಿದ್ದವನು ಗದಗದ ಕಡೆಯ ಗುಮಾಸ್ತ, ತುಳುವಿನ ಒಂದಕ್ಷರ ತಿಳಿಯದವನು. ಅವನು ತಲೆಯೆತ್ತಿ, "ಭತ್ತೆ ಏನ್ರಿ ಅಕ್ಕಾರ? ತಗೋರಿ, ಇಲ್ಲಿ ಸಹಿ ಮಾಡ್ರಿ" ಎಂದು ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದ ಪುಸ್ತಕವೊಂದನ್ನು ಮುಂದೆ ಸರಿಸಿದ್ದ. ಬಂದವರು ಸಹಿ ಹಾಕಬೇಕು, ಸರ್ಕಾರದ ಕಚೇರಿಯಲ್ಲವೇ ಎಂದು ಅವಳು ಹಾಕಿದಳು. ಪಾಪ, ನಮ್ಮ ಭಾಷೆ ಕಲಿಯುತ್ತಿದ್ದಾನೆ ಎಂದೂ ಅಂದುಕೊಂಡಳು.

ಅಂದಿನಿಂದ ನೀರಿನ ಪೈಪಿನ ದೂರಿಗೆ, ದಾರಿದೀಪಕ್ಕೆ, ಯಾರದೋ ಪಿಂಚಣಿಗೆ ವಾರಕ್ಕೆ ಮೂರೂ ನಾಲ್ಕೂ ಸಲ ಹೋದವಳು, ಹೋದಾಗಲೆಲ್ಲ "ಬತ್ತೆ" ಎಂದಳು. ಅವನು ಪುಸ್ತಕ ಕೊಟ್ಟ. ಉಳಿದ ಕಾಲಂಗಳನ್ನು ಅವನೇ ತುಂಬಿಕೊಂಡ. ಖಾತೆಗೆ ಗೌರವಧನದ ಜೊತೆ ಇನ್ನಷ್ಟು ಬಿದ್ದಾಗ, ಸರ್ಕಾರ ಏರಿಸಿರಬೇಕು ಎಂದುಕೊಂಡು ಅವಳು ದನದ ಹಟ್ಟಿಗೆ ಹೊಸ ಶೀಟು ಹಾಕಿಸಿದಳು. ಗುಮಾಸ್ತ ಕಳೆದ ತಿಂಗಳು ವರ್ಗವಾಗಿ ಊರಿಗೆ ಹೋಗಿದ್ದ.

ಎಲ್ಲ ಕೇಳಿದ ಮಾಷ್ಟ್ರ ತುಟಿ ಸ್ವಲ್ಪ ಅದುರಿತು. ನಗು ತಡೆದುಕೊಂಡರೆಂದು ಅವಳಿಗೆ ಗೊತ್ತಾಯಿತು.

"ನಾನು ನಂಬ್ತೇನೆ" ಎಂದರು. "ಊರು ನಂಬುತ್ತದಾ ಅಂತ ಗೊತ್ತಿಲ್ಲ. ಅಕ್ಕ, ಒಂದು ಮಾತು. ನಾಳೆ ಇದನ್ನು ನಾನು ಓದುವುದಾ, ನೀವು ಓದುವುದಾ?"

ಅವಳು ಮಜ್ಜಿಗೆಯ ಲೋಟ ಎತ್ತಿ ಒಳಗಿಟ್ಟಳು. ಅವರು ಒತ್ತಾಯ ಮಾಡಲಿಲ್ಲ. ಅವಳ ಹೆಸರಿನ ಪುಟಗಳ ನಕಲನ್ನು ಅಲ್ಲೇ ಬಿಟ್ಟು ಹೋದರು.

ಮರುದಿನ ಬೆಳಗ್ಗೆ ಹಾಲು ಕರೆಯುತ್ತಿದ್ದಾಗಲೇ ಶೇಷಪ್ಪನ ಫೋನು ಬಂತು.

"ಅಕ್ಕ, ಆ ಠರಾವು ಬಿಡುವ. ದೊಡ್ಡವರ ವಿಷಯ ನಮಗ್ಯಾಕೆ? ಮಾಷ್ಟ್ರ ಹತ್ತಿರ ನಾನು ಮಾತಾಡ್ತೇನೆ, ಆ ಪಟ್ಟಿ ಹೊರಗೆ ಬರುವುದಿಲ್ಲ. ನಿಮ್ಮ ಮರ್ಯಾದೆ ನಿಮಗೆ, ನಮ್ಮದು ನಮಗೆ."

"ಯೋಚನೆ ಮಾಡ್ತೇನೆ" ಎಂದಳು.

ಯೋಚನೆ ಮಾಡಿದಳು ಕೂಡ. ಠರಾವು ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಎರಡು ದಿನ ಅಯ್ಯೋ ಎನ್ನುತ್ತಾರೆ, ಮರೆಯುತ್ತಾರೆ. ಪಟ್ಟಿ ಓದಿದರೆ ಕಳ್ಳಿ ಎಂಬ ಹೆಸರು, ಅದು ಸಾಯುವವರೆಗೂ ಹೋಗುವುದಿಲ್ಲ. ಆದರೆ ಸೊಸೈಟಿಯ ಸಾಲಿನಲ್ಲಿ ನಿಂತು "ಕಿಸೆಗೆ ಕೈ ಹಾಕುವಾಗ" ಎಂದವಳು ಅವಳೇ. ಕೈ ಹಾಕುತ್ತಿದ್ದೇನೆಂದು ಗೊತ್ತಿರಲಿಲ್ಲ, ನಿಜ. ಇವತ್ತು ಗೊತ್ತುಂಟು. ಗೊತ್ತಾದ ಮೇಲೆಯೂ ಬಾಯಿ ಮುಚ್ಚಿ ಕುಳಿತರೆ ಆ ಹಣ ಇಂದಿನಿಂದ ನಿಜವಾಗಿಯೂ ಕದ್ದದ್ದೇ ಆಗುತ್ತದೆ. ಇಷ್ಟು ಹೊಳೆದದ್ದೇ ಅವಳು ಎದ್ದು ಸೀರೆ ಬದಲಿಸಿದಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ. ಶಾಮಿಯಾನದ ಕೆಳಗೆ ಯಾವತ್ತೂ ತುಂಬದ ಕುರ್ಚಿಗಳು ಅಂದು ಠರಾವಿನ ಸುದ್ದಿಯಿಂದ ತುಂಬಿದ್ದವು. ವೇದಿಕೆಯ ಮೇಲೆ ಅಧ್ಯಕ್ಷ, ಸದಸ್ಯರು, ಬೆಳ್ತಂಗಡಿಯಿಂದ ಬಂದ ನೋಡಲ್ ಅಧಿಕಾರಿ. ತನ್ನ ಸರದಿ ಬಂದಾಗ ಅಮ್ಮಣ್ಣಿ ಮೈಕಿನ ಮುಂದೆ ನಿಂತು ಠರಾವಿನ ಕಾಗದವನ್ನು ಕೆಳಗಿಟ್ಟಳು. ಮಾಷ್ಟ್ರು ಕೊಟ್ಟ ನಕಲನ್ನು ತೆಗೆದಳು.

"ಶಾಸಕರ ವಿಷಯ ಆಮೇಲೆ. ಮೊದಲು ನನ್ನದು. ಹನ್ನೊಂದು ತಿಂಗಳಲ್ಲಿ ನೂರ ಅರುವತ್ತನಾಲ್ಕು ಸಲ ಬೆಳ್ತಂಗಡಿಗೆ ಹೋಗಿದ್ದೇನೆ ಅಂತ ಪ್ರಯಾಣದ ಹಣ ತಗೊಂಡಿದ್ದೇನೆ. ಇಪ್ಪತ್ತನಾಲ್ಕು ಸಾವಿರದ ಆರುನೂರು. ನಿಜಕ್ಕೂ ಹೋದದ್ದು ಐದಾರು ಸಲ."

ಅಂಗಳದಲ್ಲಿ ಕುರ್ಚಿಗಳು ಸರಿದವು. ಆಮೇಲೆ ಗದ್ದಲ.

"ಆ ಐದಾರು ಸಲವೂ ಹೆಂಗಸರ ಸೊನ್ನೆ ಟಿಕೆಟಿನಲ್ಲಿ!" ಎಂದು ರುಕ್ಮಯ್ಯ ಎದ್ದು ನಿಂತ. "ಬಸ್ಸೂ ನಮ್ಮ ದುಡ್ಡು, ಭತ್ಯೆಯೂ ನಮ್ಮ ದುಡ್ಡು! ಹೇಗಕ್ಕ?"

ಅವಳು ಹೇಗೆಂದು ಹೇಳಿದಳು. ಬಾಗಿಲು, ಗದಗದ ಗುಮಾಸ್ತ, ಬತ್ತೆ, ಭತ್ಯೆ. ಮುಂದಿನ ಸಾಲಿನಿಂದ ನಗು ಶುರುವಾಗಿ ಹಿಂದಿನವರೆಗೂ ಹಬ್ಬಿತು. ಒಬ್ಬ ಮುದುಕನಿಗೆ ಕೆಮ್ಮೇ ಬಂತು.

"ಹಾಗಾದರೆ ವಿಧಾನಸೌಧಕ್ಕೂ ಒಬ್ಬ ತುಳು ಗೊತ್ತಿಲ್ಲದ ಗುಮಾಸ್ತನನ್ನೇ ಹಾಕಿರಬೇಕು!" ಎಂದು ಯಾರೋ ಕೂಗಿದರು. "ಪಾಪ, ಅವರೂ ಬತ್ತೆ ಅಂದದ್ದು ಮಾತ್ರ!"

ಅಮ್ಮಣ್ಣಿಗೂ ನಗು ಬಂತು. ಆದರೆ ರುಕ್ಮಯ್ಯ ನಗಲಿಲ್ಲ. "ಒಳ್ಳೆ ಕಥೆ ಕಟ್ಟಿದ್ದೀರಿ. ನಾನು ನಂಬುವುದಿಲ್ಲ" ಎಂದು ಕುಳಿತ. ನಗದವರು ಇನ್ನೂ ಕೆಲವರಿದ್ದರು. ಅವಳು ಅವರ ಮುಖಗಳನ್ನೂ ನೋಡಿಕೊಂಡಳು.

"ಹಣ ಪೂರ್ತಿ ತೀರುವವರೆಗೆ ನನ್ನ ಗೌರವಧನದಿಂದ ಮುರಿದುಕೊಳ್ಳಿ. ಕಾಗದ ಬರೆದು ತಂದಿದ್ದೇನೆ" ಎಂದು ಅಧಿಕಾರಿಯ ಮುಂದಿಟ್ಟಳು. "ಇನ್ನು ಠರಾವು."

ಶೇಷಪ್ಪ ಮೈಕು ಎಳೆದುಕೊಂಡ. "ತಗೊಂಡವರೇ ಠರಾವು ಇಡುವುದು ಸರಿ ಕಾಣುವುದಿಲ್ಲ ಅಕ್ಕ."

"ಅದು ಸರಿಯೇ" ಎಂದಳು ಅಮ್ಮಣ್ಣಿ. "ಹಾಗಾದರೆ ಹೋಗದ ಊರಿಗೆ ಹಣ ತಗೊಳ್ಳದವರು ಯಾರಾದರೂ ಇಡಲಿ. ನಾನು ಕೆಳಗೆ ಹೋಗಿ ಕುಳಿತುಕೊಳ್ತೇನೆ."

ಅವಳು ವೇದಿಕೆ ಇಳಿದು ಜನರ ನಡುವೆ ಒಂದು ಕುರ್ಚಿಯಲ್ಲಿ ಕುಳಿತಳು. ಮೇಲೆ ಉಳಿದ ಹತ್ತು ಮಂದಿ ಸದಸ್ಯರಲ್ಲಿ ಯಾರೂ ಏಳಲಿಲ್ಲ. ಒಬ್ಬರು ಫೋನು ನೋಡಿದರು. ಒಬ್ಬರಿಗೆ ಬಾಟಲಿಯ ಮುಚ್ಚಳ ತೆಗೆಯುವುದೇ ದೊಡ್ಡ ಕೆಲಸವಾಯಿತು. ಯಾಕೂಬ್ ಮಾಷ್ಟ್ರು ಪಟ್ಟಿಯ ಉಳಿದ ಪುಟಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅಂಗಳದ ನಗು ಆಗ ತಾನಾಗಿಯೇ ನಿಂತಿತು.

ಎದ್ದದ್ದು ಜುಲೈಕಾ. ದಾರಿದೀಪದ ಅರ್ಜಿ ಹಿಡಿದು ಬಂದಿದ್ದವಳು.

"ಗ್ರಾಮಸಭೆಯಲ್ಲಿ ಊರಿನವರು ಠರಾವು ಇಡಬಹುದಲ್ವಾ ಸಾರ್? ನಾನು ಇಡ್ತೇನೆ. ಶಾಸಕರಿಗೆ ಕಾಗದ ಹೋಗಲಿ. ಆದರೆ ಅದರ ಮೇಲೆ ಇನ್ನೊಂದು ಸಾಲು ಬರೀರಿ. ನಮ್ಮ ಪಂಚಾಯತಿಯ ಭತ್ಯೆಯ ಪಟ್ಟಿಯನ್ನು ತಿಂಗಳು ತಿಂಗಳು ಕಚೇರಿಯ ಹೊರಗಿನ ಗೋಡೆಗೆ ಅಂಟಿಸಬೇಕು. ದಾರಿಹೋಕರಿಗೆ ಕಾಣುವ ಹಾಗೆ."

"ಒಳಗೆ ನೋಟೀಸ್ ಬೋರ್ಡು ಉಂಟಲ್ಲ" ಎಂದ ಶೇಷಪ್ಪ.

"ಒಳಗೆ ಬೇಡ. ಹೊರಗೆ."

ಕೈಗಳು ಎದ್ದವು. ನೋಡಲ್ ಅಧಿಕಾರಿ ಎಣಿಸಲು ಹೋಗಿ, ಅರ್ಧಕ್ಕೇ ಬಿಟ್ಟು, "ಬಹುಮತ" ಎಂದು ಬರೆದರು. ಎತ್ತಿದ ಕೈಗಳಲ್ಲಿ ಅಮ್ಮಣ್ಣಿಯದ್ದೂ ಇತ್ತು, ರುಕ್ಮಯ್ಯನದ್ದೂ ಇತ್ತು.

ಕಾಗದಕ್ಕೆ ಬೆಂಗಳೂರಿನಿಂದ ಉತ್ತರ ಬರಲಿಲ್ಲ. ಗೋಡೆಗೆ ಪಟ್ಟಿ ಮಾತ್ರ ಬಂತು, ಮುಂದಿನ ತಿಂಗಳ ಮೊದಲ ವಾರದಲ್ಲೇ. ಅಮ್ಮಣ್ಣಿ ಪಿಂಚಣಿಯ ಅರ್ಜಿಯೊಂದನ್ನು ಕೊಟ್ಟು ಹೊರಗೆ ಬರುವಾಗ ನಾಲ್ಕೈದು ಮಂದಿ ಅದರ ಎದುರು ನಿಂತಿದ್ದರು. ರುಕ್ಮಯ್ಯನೂ ಇದ್ದ.

"ಅಕ್ಕ, ಕನ್ನಡಕ ತರಲಿಲ್ಲ" ಎಂದ. "ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ."

ಅವನ ಅಂಗಿಯ ಕಿಸೆಯಿಂದ ಕನ್ನಡಕದ ಕಾಲು ಹೊರಗೆ ಇಣುಕುತ್ತಿತ್ತು. ಅಮ್ಮಣ್ಣಿ ಅದನ್ನು ಕಂಡಳು. ಕಂಡದ್ದನ್ನು ಹೇಳಲಿಲ್ಲ. ಗೋಡೆಯ ಹತ್ತಿರ ಹೋಗಿ, ತನ್ನ ಹೆಸರಿನ ಸಾಲಿಗೆ ಬೆರಳಿಟ್ಟು, ಎಷ್ಟು ಮುರಿದುಕೊಂಡರು, ಇನ್ನೆಷ್ಟು ಬಾಕಿ ಉಂಟು ಎಂಬುದನ್ನು ಎಲ್ಲರಿಗೂ ಕೇಳುವ ಹಾಗೆ ನಿಧಾನವಾಗಿ ಓದಿದಳು. ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿ, ಅಧ್ಯಕ್ಷರದ್ದನ್ನು ಓದಲು ತೊಡಗಿದಳು.