ನಲವತ್ತಕ್ಕೆ ಸೊನ್ನೆ

ಪ್ರತಿಭಾವಂತ ಮಕ್ಕಳ ಮಾರ್ಗದರ್ಶನದ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಅಧ್ಯಯನಗಳನ್ನು ಹಳ್ಳಿ ಶಾಲೆಗಳಲ್ಲಿ ಅಂಥವರಿಗಾಗಿ ಪರೀಕ್ಷೆ ನಡೆಸುತ್ತಿದ್ದ ಸರಿತಾ ಬಸವಕಲ್ಯಾಣದ ಬಾಡಿಗೆ ಕೋಣೆಯಲ್ಲಿ ಕೂತು ಓದಿ ಮುಗಿಸಿದ್ದಳು. ಮೊದಮೊದಲು ಸಂಶೋಧಕರ ಗಮನವೆಲ್ಲ ಅಂಥ ಮಗುವನ್ನು ಗುರುತಿಸುವ ಪರೀಕ್ಷೆಗಳ ಮೇಲಿತ್ತು. ಈಗ ಒಲವು ಬದಲಾಗಿತ್ತು: ಮಗುವಿನ ಜೊತೆ ಮನೆಯವರನ್ನೂ ಆಪ್ತಸಮಾಲೋಚನೆಗೆ ಕೂರಿಸಬೇಕು. ಆ ಅಧ್ಯಯನಗಳಲ್ಲಿ ಮನೆಯವರೆಂದರೆ ತಂದೆ, ತಾಯಿ.

ದುಬಲಗುಂಡಿಯ ಕುರಿಗಾಹಿ ಕಾಶಿರಾಮನ ಮನೆಯಲ್ಲಿ ಹಾಗಲ್ಲ. ಮಗಳ ವಿಷಯವೆಂದರೆ ಸೋದರಮಾವ ಇಲ್ಲದೆ ಮಾತೇ ಶುರುವಾಗುವುದಿಲ್ಲ. ಸರಿತಾ ಹೋದ ದಿನ, ಹುಮನಾಬಾದಿನಲ್ಲಿ ಕುರಿ ವ್ಯಾಪಾರ ಮಾಡುವ ಗೋವರ್ಧನ ಆಗಲೇ ಬಂದು ಕೂತಿದ್ದ. ಕಾಶಿರಾಮನ ಹೆಂಡತಿಯ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ.

"ನಲವತ್ತು ಪ್ರಶ್ನೆಯೊಳಗ ನಿಮ್ಮ ಸಾಕ್ಷಿ ಮೂವತ್ತೊಂಬತ್ತು ಸರಿ ಮಾಡ್ಯಾಳ ಕಾಕಾ. ಇಡೀ ತಾಲೂಕಿನ್ಯಾಗ ಯಾರೂ ಮಾಡಿಲ್ಲ," ಎಂದಳು ಸರಿತಾ.

"ಲೆಕ್ಕಾನೂ ಬರತದೇನ್ರಿ?" ಗೋವರ್ಧನ ಕೇಳಿದ.

"ಲೆಕ್ಕದಾಗಂತೂ ಭಾಳ ಮುಂದ ಅದಾಳ."

"ಮತ್ತ! ಮಾವನ ತಲಿ ಬಂದದ."

"ನಿಂದಂತೂ ಅಲ್ಲ ಬಿಡೋ. ನೀ ಏಳನೇತ್ತಾ ಎರಡ ಸಲ ಕೂತಾಂವ," ಎಂದ ಕಾಶಿರಾಮ.

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಒಂಬತ್ತನೆಯ ತರಗತಿಯ ಸಾಕ್ಷಿ ನಗಲಿಲ್ಲ. ಅವಳು ಮಾವನ ಮುಖವನ್ನೇ ನೋಡುತ್ತಿದ್ದಳು.

ಮುಂದಿನ ವಾರ ಗೋವರ್ಧನ ಎಲೆ ಅಡಿಕೆ ಹಿಡಿದು ಸಾಕ್ಷಿಯನ್ನು ತನಗೆ ಕೇಳಲು ಬಂದ. ಈಗ ಮಾತು ಮಾತ್ರ, ಮದುವೆ ಹದಿನೆಂಟು ತುಂಬಿದ ಮೇಲೆ. ಅಲ್ಲಿಯತನಕ ಹುಡುಗಿ ತನ್ನ ಮನೆಯಲ್ಲಿದ್ದು ವ್ಯಾಪಾರದ ಲೆಕ್ಕ ನೋಡಿಕೊಳ್ಳಲಿ ಎಂದ. ಇಂಥ ಹುಡುಗಿಯನ್ನು ಬೇರೆಯವರು ಕೇಳುವ ಮೊದಲು ಹಕ್ಕಿನವನು ಕೇಳಬೇಕಲ್ಲ. ಶಾಲೆಯಿಂದ ಸುದ್ದಿ ತಿಳಿದ ಸರಿತಾ ಕಾಶಿರಾಮನಿಗೆ ಫೋನ್ ಮಾಡಿ, ದೂರು ಕೊಡುತ್ತೇನೆ ಎಂದಳು.

"ಕೊಡ್ರಿ ಮ್ಯಾಡಮ್. ನಾಳಿಗೇ ಪೋರಿನ್ನ ಉಮರ್ಗಾದಾಗ ಅಕಿ ಅತ್ತಿ ಮನಿಗಿ ಕಳಸತೀನಿ. ಆಮ್ಯಾಲ ಹುಡುಕ್ರಿ."

ಉಮರ್ಗಾ ಗಡಿಯಾಚೆ, ಮಹಾರಾಷ್ಟ್ರದಲ್ಲಿ. ಸರಿತಾ ದೂರು ಕೊಡಲಿಲ್ಲ. ಎರಡನೆಯ ಸುತ್ತಿನ ಪರೀಕ್ಷೆಗೆ ಹೋದಾಗ ಸಾಕ್ಷಿಯ ಜೊತೆ ಮಾತಾಡಿ ಏನಾದರೂ ದಾರಿ ಹುಡುಕಬೇಕೆಂದುಕೊಂಡಳು.

ಆ ದಿನ ಸಾಕ್ಷಿ ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟು ಹೊರಗೆ ಹೋದಳು. ಸರಿತಾ ಅಲ್ಲೇ ತಿದ್ದಿದಳು. ಒಂದೂ ಸರಿಯಿರಲಿಲ್ಲ. ಮತ್ತೊಮ್ಮೆ ನೋಡಿದಳು. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಕಣ್ಣುಮುಚ್ಚಿ ಗುರುತು ಹಾಕಿದರೂ ಹತ್ತರ ಆಸುಪಾಸು ಸರಿಯಾಗಬೇಕು. ನಲವತ್ತೂ ತಪ್ಪಾಗಬೇಕಾದರೆ ನಲವತ್ತರ ಸರಿಯುತ್ತರವೂ ಗೊತ್ತಿರಬೇಕು.

ಶಾಲೆಯ ಅಂಗಳದಲ್ಲಿ ಕಾಶಿರಾಮ, ಗೋವರ್ಧನ ಇಬ್ಬರೂ ಇದ್ದರು. ಸಾಕ್ಷಿಯ ಟಿ.ಸಿ. ಒಯ್ಯಲು ಬಂದಿದ್ದರು.

"ಈ ಸಲ ಎಷ್ಟ್ರಿ ಮ್ಯಾಡಮ್? ಪೂರಾ ನಲವತ್ತೇನು?" ಗೋವರ್ಧನ ಕೇಳಿದ.

ಸಾಕ್ಷಿ ಬೇವಿನ ಮರಕ್ಕೆ ಒರಗಿ ನಿಂತು ಸರಿತಾಳನ್ನೇ ನೋಡುತ್ತಿದ್ದಳು. ರೆಪ್ಪೆ ಅಲುಗಲಿಲ್ಲ.

"ಸೊನ್ನೆ," ಎಂದಳು ಸರಿತಾ.

"ಸೊನ್ನಿ? ಮತ್ತ ಹೋದ ಸಲ?"

"ಹೋದ ಸಲ ನಾ ತಿದ್ದಿದ್ದೇ ತಪ್ಪಾಗಿತ್ತು."

ಗೋವರ್ಧನ ಸ್ವಲ್ಪ ಹೊತ್ತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಹಂಗಾದ್ರ ಈ ಮಾತು ಇಲ್ಲಿಗೇ ಬಿಡಮು ಭಾವಾ," ಎಂದು ಬೈಕ್ ಹತ್ತಿ ಹೋದ.

ಸಾಕ್ಷಿ ಉಸಿರು ಬಿಟ್ಟದ್ದು ಸರಿತಾಳಿಗೂ ಕೇಳಿಸಿತು.

"ನಮ್ಮ ಪೋರಿ ದಡ್ಡಿ ಅಂದಂಗಾತು," ಎಂದ ಕಾಶಿರಾಮ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ಟಿ.ಸಿ. ಹ್ಯಾಂಗೂ ಬರದಾರ. ತಗೊಂಡ ಹೋಗತೀನಿ."

"ಸಾಲಿ ಬಿಡಸಬ್ಯಾಡ್ರಿ ಕಾಕಾ."

"ಯಾಕ್ರಿ? ಸೊನ್ನಿ ಅಂದವರು ನೀವಾ. ಕುರಿ ಹಿಂದ ಹೋಗ್ಲಿ."

ಸರಿತಾ ಬಾಯಿ ತೆರೆದಳು. ನಿಜ ಹೇಳಿದರೆ ಶಾಲೆ ಉಳಿಯಬಹುದು. ಆದರೆ ಸಂಜೆಯೊಳಗೆ ಗೋವರ್ಧನ ತಿರುಗಿ ಬರುತ್ತಾನೆ. ಸಾಕ್ಷಿ ಕಂಡೂ ಕಾಣದಂತೆ ತಲೆಯಾಡಿಸಿ, ಬೇಡವೆಂದಳು. ಒಳಗೆ ಹೋಗಿ ಚೀಲ ತಂದಳು.

ಗೇಟಿನ ಹತ್ತಿರ ಕಾಶಿರಾಮ ಮಗಳ ಹೆಗಲ ಮೇಲೆ ಕೈಯಿಟ್ಟ.

"ಸಂಜಿಗಿ ಮರಿ ಎಣಸಾಕರೆ ಬರತದೇನವ್ವಾ?"

"ಬರಂಗಿಲ್ಲಪ್ಪ," ಎಂದಳು ಸಾಕ್ಷಿ.