ಮೊದಲ ನೀರು

ನಾನು ಜೋರು ಬಾಯಿಯವಳು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಚಿಕ್ಕಂದಿನಲ್ಲೇ ಅಣ್ಣ ನನಗೆ ಗುಡುಗಮ್ಮ ಎಂದು ಹೆಸರಿಟ್ಟ. ನಾನು ಬಾಯಿ ತೆರೆದರೆ ಸಾಕು, ಅಂಗೈಯನ್ನು ಗಾಳಿಯಲ್ಲಿ ಕೆಳಕ್ಕೆ ಒತ್ತಿ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಾನೆ. ಅವನು ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲ ಕೆಳಗೊಂದು ಬೇರೆ ಬ್ರೇಕ್ ಇಟ್ಟುಕೊಂಡು, ದಿನವಿಡೀ ಅದೇ ಮಾತು ಹೇಳಿ ರೂಢಿ. ಊರಿನ ಅರ್ಧ ಜನ ಅವನ ಬ್ರೇಕಿನಿಂದ ಬದುಕಿಕೊಂಡಿದ್ದಾರೆ.

ಅವನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಯಿತು. ಮೊದಲು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು, ಕೊನೆಗೆ ಕಿಡ್ನಿಯ ಸರದಿ. ಕಿಡ್ನಿ ಅಂದರೆ ಜರಡಿ. ಸಕ್ಕರೆ ಹೆಚ್ಚಾದ ರಕ್ತ ವರ್ಷಗಟ್ಟಲೆ ಹರಿದರೆ ಆ ಜರಡಿ ಹಾಳಾಗುತ್ತದೆ, ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಕಿಡ್ನಿ ಡಾಕ್ಟರು ತೆಳ್ಳಗಿನ ಹೆಂಗಸು, ಒಂದು ಮಾತು ಹೆಚ್ಚಿಗೆ ಆಡುವವರಲ್ಲ. ಅರ್ಧ ಹೋಗಿದೆ, ಅರ್ಧ ಉಳಿದಿದೆ, ಮಾತ್ರೆ ತಗೊಂಡು ಉಪ್ಪು ಕಡಿಮೆ ಮಾಡಿದರೆ ಆ ಅರ್ಧದಲ್ಲೇ ಬಹಳ ವರ್ಷ ದೂಡಬಹುದು, ರಕ್ತ ತೊಳೆಯುವ ಮೆಷಿನ್ನಿನ ಮಾತು ಈಗ ಬೇಡ ಅಂದರು. ಅವರು ಹೇಳಿದ್ದನ್ನು ಅಣ್ಣ ಚಾಚೂ ತಪ್ಪದೆ ಪಾಲಿಸಿದ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಹೇಳಿದ ಮಾತು ಕೇಳದವನಾಗಿದ್ದರೆ ಅವನನ್ನೇ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇನ್ನು ನನ್ನ ಕೆಲಸ. ನಾನು ಔಷಧಿ ಗಿಡಗಳ ಸಂಶೋಧನಾ ಕೇಂದ್ರದಲ್ಲಿ ಎಲೆ, ಬೇರುಗಳಿಂದ ಸಾರ ತೆಗೆಯುವ ವಿಭಾಗದವಳು. ಬೇಲಿಹುಳಿ ಅಂತ ಒಂದು ಗಿಡವಿದೆ. ಬೇಲಿ ಕಂಡಲ್ಲೆಲ್ಲ ಹಬ್ಬುತ್ತದೆ, ಆಡು ಕೂಡ ಮೂಸಿ ಮುಖ ತಿರುಗಿಸುತ್ತದೆ. ಅದರ ಸಾರ ಕೊಟ್ಟಾಗ, ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಕಿಡ್ನಿ ಅಷ್ಟು ಬೇಗ ಕೆಡಲಿಲ್ಲ. ಇದು ನಿಜ. ನಾನೇ ತೆಗೆದ ಸಾರ, ಸುಳ್ಳು ಅನ್ನಲಾರೆ. ಆದರೆ ಆ ಇಲಿಗಳಿಗೆ ಸಾರ ಕೊಟ್ಟದ್ದು ಕಿಡ್ನಿ ಕೆಡುವ ಮೊದಲು, ಮೊದಲ ದಿನದಿಂದಲೇ. ಕೆಟ್ಟ ಕಿಡ್ನಿಯನ್ನು ಅದು ರಿಪೇರಿ ಮಾಡಿದ್ದನ್ನು ನಾವು ಯಾರೂ ಕಂಡಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬೇಲಿಹುಳಿಯನ್ನು ನಾವು ಮೊದಲು ನೀರಿನಲ್ಲಿ ಕುದಿಸುತ್ತೇವೆ, ಆ ನೀರನ್ನು ಚರಂಡಿಗೆ ಚೆಲ್ಲುತ್ತೇವೆ. ಎಲೆಯ ಹುಳಿಯೆಲ್ಲ ಆ ನೀರಿಗೆ ಇಳಿದಿರುತ್ತದೆ. ಅದರ ಹೆಸರು ಆಕ್ಸಲೇಟ್. ಅದು ಕಿಡ್ನಿಗೆ ಹೋಗಿ, ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ಹರಳುಗಟ್ಟುತ್ತದೆ. ನೀರು ಚೆಲ್ಲಿದ ಮೇಲೆ ಉಳಿದ ಎಲೆಯಿಂದ ಸ್ಪಿರಿಟ್ಟಿನಲ್ಲಿ ಸಾರ ಇಳಿಸಬೇಕು. ಶುರುವಿನಲ್ಲಿ ಒಂದು ಗೂಡಿನ ಇಲಿಗಳಿಗೆ ಆ ಮೊದಲ ನೀರನ್ನೇ ಕೊಟ್ಟು ನೋಡಿದ್ದೆವು. ಒಂದೊಂದಾಗಿ ಸತ್ತವು. ಅವುಗಳ ಕಿಡ್ನಿ ಕೊಯ್ದರೆ ಬ್ಲೇಡಿಗೆ ಮರಳು ಸಿಕ್ಕಂತೆ ಕರಕರ ಅನ್ನುತ್ತಿತ್ತು. ಅಂದಿನಿಂದ ನಮ್ಮ ಕೋಣೆಯಲ್ಲಿ ಕುದಿಸಿದವರ ಕೈ ತಾನಾಗಿಯೇ ಪಾತ್ರೆ ಬಗ್ಗಿಸುತ್ತದೆ, ಯಾರೂ ಹೇಳಬೇಕಾಗಿಲ್ಲ.

ನಮ್ಮ ನಿರ್ದೇಶಕರು ಇದನ್ನೆಲ್ಲ ಬಲ್ಲರು. ಬಲ್ಲವರೇ ಟೀವಿಯಲ್ಲಿ ಕೂತು, ಬೇಲಿಹುಳಿಯ ಕುಡಿಯೊಂದನ್ನು ಕೈಯಲ್ಲಿ ಹಿಡಿದು, ಕಿಡ್ನಿ ಕಾಯುವ ಶಕ್ತಿ ನಮ್ಮ ಬೇಲಿಯಲ್ಲೇ ಇದೆ, ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನಾವು ಸುಳ್ಳು ಮಾಡಿದ್ದೇವೆ ಅಂದರು. ಕುಡಿಯಿರಿ ಅನ್ನಲಿಲ್ಲ, ಕುಡಿಯಬೇಡಿ ಅನ್ನಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಂದರು. ಮೊದಲ ನೀರು ಚೆಲ್ಲುವ ವಿಷಯ ಯಾಕೆ ಬಿಟ್ಟಿರಿ ಅಂತ ಅಂದೇ ಕೇಳಿದೆ. ಪೇಟೆಂಟ್ ಕೈಗೆ ಬರುವ ತನಕ ವಿಧಾನ ಹೊರಗೆ ಹೋಗಬಾರದಂತೆ. ಅಷ್ಟಕ್ಕೂ ಟೀವಿ ನೋಡಿ ಬೇಲಿ ಕಿತ್ತು ಕುದಿಸುವವರು ಯಾರಿದ್ದಾರೆ ಎಂದು ನಕ್ಕರು.

ಯಾರಿದ್ದಾರೆ ಅನ್ನುವುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಅಣ್ಣನ ಕಾಲು ಊದಿ ಚಪ್ಪಲಿಗೆ ಹಿಡಿಸದಂತಾಯಿತು. ಕುಡಿದ ನೀರೂ ವಾಂತಿಯಾಗತೊಡಗಿದಾಗ ಆಸ್ಪತ್ರೆಗೆ ಸೇರಿಸಿದೆವು. ವರ್ಷಗಳಲ್ಲಿ ಆಗಬೇಕಾದ ಹಾನಿ ವಾರಗಳಲ್ಲಿ ಆಗಿದೆ, ಇದು ಬರೀ ಸಕ್ಕರೆಯ ಕೆಲಸವಲ್ಲ, ಏನು ತಗೊಂಡಿರಿ ಅಂತ ಡಾಕ್ಟರು ಕೇಳಿದರು. ನೋವಿನ ಮಾತ್ರೆಯಾ? ಯಾರಾದರೂ ಕೊಟ್ಟ ಪುಡಿಯಾ? ಅಣ್ಣ ಗೋಡೆ ನೋಡಿದ. ಅತ್ತಿಗೆ ಅವನ ಹೊದಿಕೆ ಸರಿಮಾಡತೊಡಗಿದರು.

ಅವನ ಬಟ್ಟೆ, ಕನ್ನಡಕ ತರಲು ನಾನು ಮನೆಗೆ ಹೋದೆ. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಒದ್ದೆ ಕಬ್ಬಿಣದಂಥ ಆ ಹುಳಿ ವಾಸನೆ ನನ್ನ ಕೋಟಿನಲ್ಲಿದೆ, ಕೂದಲಲ್ಲಿದೆ, ನಿದ್ದೆಯಲ್ಲಿ ಬಂದರೂ ಗುರುತಿಸುತ್ತೇನೆ. ಒಲೆಯ ಮೇಲೆ ಸ್ಟೀಲಿನ ಪಾತ್ರೆ, ತಳದಲ್ಲಿ ಹಸಿರುಗಂದು ನೀರು. ಕಸದ ಬುಟ್ಟಿಯಲ್ಲಿ ಬೆಂದ ಎಲೆ, ಚೆನ್ನಾಗಿ ಹಿಂಡಿ ಉಂಡೆ ಮಾಡಿ ಎಸೆದದ್ದು. ನಾವು ನೀರು ಚೆಲ್ಲಿ ಎಲೆ ಇಟ್ಟುಕೊಳ್ಳುತ್ತೇವೆ. ಇವರು ಎಲೆ ಚೆಲ್ಲಿ ನೀರು ಕುಡಿದಿದ್ದರು. ಫ್ರಿಜ್ಜಿನ ಬಾಗಿಲ ಮೇಲೆ ಪೇಪರಿನಲ್ಲಿ ಬಂದಿದ್ದ ಫೋಟೋ ಅಂಟಿಸಿದ್ದರು. ನಿರ್ದೇಶಕರು ನಡುವೆ ಹಲ್ಲು ಕಿರಿದು ನಿಂತಿದ್ದರು, ಮೂಲೆಯಲ್ಲಿ ಬಿಳಿ ಕೋಟಿನಲ್ಲಿ ನಾನು. ಅಣ್ಣ ಪೆನ್ನಿನಿಂದ ನನ್ನ ತಲೆಯ ಸುತ್ತ ದುಂಡಗೆ ಗುರುತು ಮಾಡಿದ್ದ.

ಆಸ್ಪತ್ರೆಗೆ ವಾಪಸು ಓಡಿ ಬಂದೆ. ಅತ್ತಿಗೆ ನನ್ನ ಮುಖ ನೋಡಿಯೇ ಅಳತೊಡಗಿದರು. ಕಾರು ಕಲಿಸುವ ಮೈದಾನದ ಬೇಲಿಯಿಂದ ಅವನೇ ದಿನಾ ಕಿತ್ತು ತರುತ್ತಿದ್ದನಂತೆ, ಅತ್ತಿಗೆ ಕುದಿಸಿ ಕೊಡುತ್ತಿದ್ದರಂತೆ.

"ಅವಳಿಗೆ ಹೇಳ್ಬೇಡ, ಕೂಗಾಡ್ತಾಳೆ ಅಂದ್ರು. ವಾಸಿಯಾದ್ಮೇಲೆ ನಾನೇ ಹೇಳ್ತೀನಿ, ನಿನ್ನ ಮದ್ದೇ ಕಣೇ ನನ್ನ ಉಳಿಸಿದ್ದು ಅಂತ. ಅವಳು ಒಂದ್ಸಲ ಬಾಯಿ ಮುಚ್ಕೊಂಡು ನಿಲ್ಲೋದು ನೋಡ್ಬೇಕು ಅಂತಿದ್ರು."

ಬಾಯಿ ಮುಚ್ಚಿಕೊಂಡೇ ನಿಂತೆ, ಅತ್ತಿಗೆಗೆ ಏನು ಹೇಳಲಿ? ಡಾಕ್ಟರ ಬಳಿ ಹೋಗಿ ಎಲೆ, ನೀರು, ಹರಳು, ಇಲಿ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಕಾರಣ ತಿಳಿದದ್ದು ಒಳ್ಳೆಯದಾಯಿತು, ಸದ್ಯಕ್ಕೆ ಮೆಷಿನ್ನಿನಲ್ಲಿ ರಕ್ತ ತೊಳೆಯೋಣ, ಕಿಡ್ನಿ ಎಚ್ಚರವಾಗುವುದಿದ್ದರೆ ಕೆಲವು ವಾರಗಳಲ್ಲಿ ಆಗಬೇಕು ಅಂದರು. ಬೇರೆ ರೋಗಿಯಾಗಿದ್ದರೆ ಧೈರ್ಯ ಹೇಳುತ್ತಿದ್ದರಂತೆ. ಇವನ ಬಳಿ ಇದ್ದದ್ದೇ ಅರ್ಧ, ಆ ಅರ್ಧದಲ್ಲಿ ಈಗ ಹರಳು ತುಂಬಿದೆ.

ಮಾರನೇ ದಿನ ನಿರ್ದೇಶಕರ ಕೋಣೆಗೆ ನುಗ್ಗಿದೆ. ಅವರು ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ಅಣ್ಣನ ಬಗ್ಗೆ ಮರುಗಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ ಆ ಮನುಷ್ಯ. ನಿಮ್ಮ ಮರುಕ ಮನೆಗೆ ಕಟ್ಟಿಕೊಂಡು ಹೋಗಿ, ಅದೇ ಟೀವಿಯಲ್ಲಿ ಕೂತು ಕುದಿಸಿದ ನೀರು ಕುಡಿಯಬೇಡಿ ಅಂತ ಹೇಳಿ ಅಂದೆ. ಹೇಳಿದರೆ ಇಡೀ ವಿಧಾನವೇ ಬಯಲಾಗುತ್ತದೆ, ಪೇಟೆಂಟ್ ಬಂದುಬಿಡಲಿ, ಆಮೇಲೆ ಜಗತ್ತಿಗೇ ಹೇಳೋಣ ಅಂದರು.

"ನಾವು ಯಾರಿಗೂ ಕುಡೀರಿ ಅಂತ ಹೇಳಿಲ್ವಲ್ಲ."

"ಕುಡೀಬೇಡಿ ಅಂತಾನೂ ಹೇಳಿಲ್ಲ. ಇಲಿ ಸತ್ತಿದ್ದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಅವನೊಬ್ಬನಿಗೇ."

ವಿಧಾನ ಹೊರಗೆ ಹೇಳುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗ ನಾನು ಮಾಡಿದ್ದ ಸಹಿಯನ್ನು ಅವರು ನಯವಾಗಿ ನೆನಪಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮೇಜು ಗುದ್ದಿ ಹೊರಗೆ ಬಂದೆ.

ನಮ್ಮ ಕೇಂದ್ರದ ಮುಂದೆ ಔಷಧಿ ಗಿಡಗಳ ತೋಟವಿದೆ, ಪ್ರತಿ ಮಡಿಗೂ ಒಂದೊಂದು ಬೋರ್ಡು. ಬೇಲಿಹುಳಿಯ ಮಡಿ ಬೋಳಾಗಿತ್ತು. ವಯಸ್ಸಾದವರೊಬ್ಬರು ಬಗ್ಗಿ ಉಳಿದ ನಾಲ್ಕು ಎಲೆ ಚಿವುಟುತ್ತಿದ್ದರು. ಅವರ ಕಾಲೂ ಊದಿತ್ತು. ಹೆಂಡತಿಗೂ ಕೊಡುತ್ತಿದ್ದೇನೆ, ನೀವು ಕಂಡುಹಿಡಿದವರಂತೆ, ನೂರು ಕಾಲ ಬಾಳಮ್ಮ ಅಂದರು. ನಾನು ಅವರ ಕೈಯಿಂದ ಎಲೆ ಕಿತ್ತುಕೊಂಡೆ, ಅವರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲೇ ನಿಲ್ಲಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಆಮೇಲೆ ಶೆಡ್ಡಿನಿಂದ ಬಣ್ಣ ತಂದು, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ "ಇದನ್ನು ಕುದಿಸಿದ ನೀರು ಕುಡಿದರೆ ಕಿಡ್ನಿ ಹೋಗುತ್ತದೆ" ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಮರುದಿನ ಬೋರ್ಡು ಇರಲಿಲ್ಲ. ಗೇಟಿನಲ್ಲಿ ಕಾವಲಿನವನು ತಲೆ ತಗ್ಗಿಸಿ, ನಿಮ್ಮನ್ನ ಒಳಗೆ ಬಿಡಬಾರದು ಅಂದಿದ್ದಾರೆ ಮೇಡಂ ಅಂದ.

ಪೇಪರಿನವರನ್ನು ಹುಡುಕಿಕೊಂಡು ಹೋದೆ. ನಿಮ್ಮ ಕೇಂದ್ರದಿಂದ ದೃಢಪಡಿಸಿ ಹೇಳಿಸಿ, ಹಾಕುತ್ತೇವೆ ಅಂದರು. ಕಳ್ಳನ ಸಹಿ ತಂದರೆ ಕಳವು ಒಪ್ಪುತ್ತಾರಂತೆ. ಇತ್ತ ವಾರಗಳು ಕಳೆದವು, ಅಣ್ಣನ ಕಿಡ್ನಿ ಎಚ್ಚರವಾಗಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಮೆಷಿನ್ನೇ ಗತಿ ಅಂತ ಡಾಕ್ಟರು ನಮ್ಮೆದುರೇ ಹೇಳಿದರು. ಅಣ್ಣ ತಲೆಯಾಡಿಸಿದ. ಹೊರಗೆ ಬಂದ ಮೇಲೆ, ನನ್ನ ಬ್ರೇಕೂ ಹೋಯ್ತು ನೋಡು ಅಂತ ನಗಲು ನೋಡಿದ, ಆಗಲಿಲ್ಲ.

ಡಯಾಲಿಸಿಸ್ ವಾರ್ಡು ಉದ್ದವಾಗಿದೆ. ಎರಡು ಸಾಲು ಹಾಸಿಗೆ, ಪ್ರತಿ ಹಾಸಿಗೆಯ ಪಕ್ಕ ಒಂದು ಮೆಷಿನ್ನು, ಕೊಳವೆಯಲ್ಲಿ ಸುತ್ತಿ ಬರುವ ರಕ್ತ. ಮೊನ್ನೆ ಅಣ್ಣನ ಪಕ್ಕ ಕೂತಿದ್ದೆ. ಮೊದಲ ನೀರಿನ ಕತೆ ಅವನಿಗೂ ಹೇಳಿಯಾಗಿತ್ತು. ಅವನು ನನ್ನ ಕಡೆ ತಿರುಗಿದ.

"ತಪ್ಪು ನಂದೇ ಕಣೇ. ಮೊದಲ ನೀರು ಚೆಲ್ಬೇಕಿತ್ತು. ಇನ್ಮೇಲೆ ಅದನ್ನ ಚೆಲ್ಲಿ, ಎರಡನೇ ನೀರು ಕುಡಿದ್ರೆ ಆಗುತ್ತಲ್ವಾ? ನೀನೇ ಮಾಡಿದ್ದಲ್ವಾ ಅದು?"

ಅವನ ಮುಖದಲ್ಲಿ ಇನ್ನೂ ಆ ಫೋಟೋಕ್ಕೆ ಗುರುತು ಹಾಕಿದ ಹೆಮ್ಮೆಯೇ ಇತ್ತು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಕೊಳವೆ ಸಿಕ್ಕಿಸಿದ ತೋಳು ಅಲುಗದಂತೆ ಮೆತ್ತಗೆ ನಮ್ಮ ಕಡೆ ಹೊರಳಿ, ಯಾವ ಎಲೆಯಮ್ಮಾ ಅದು, ಎಲ್ಲಿ ಸಿಗುತ್ತೆ ಅಂದಳು. ಅವಳ ಆಚೆ ಇದ್ದವನೂ ತಲೆಯೆತ್ತಿದ.

ನಾನು ಎದ್ದು ನಿಂತೆ. ಎರಡು ಸಾಲಿಗೂ ಕೇಳುವಂತೆ ಶುರುಮಾಡಿದೆ. ಆ ಎಲೆಯ ಹೆಸರು ಹೇಳಿದೆ, ನೀರಿನಲ್ಲಿ ಏನು ಇಳಿಯುತ್ತದೆ ಹೇಳಿದೆ, ಚರಂಡಿಗೆ ಏನು ಹೋಗುತ್ತದೆ ಹೇಳಿದೆ. ಮೊದಲ ನೀರು ವಿಷ, ಎರಡನೆಯದು ನೀರೇ ಅಲ್ಲ, ಸ್ಪಿರಿಟ್ಟಿನಲ್ಲಿ ಇಳಿಸಿದ ಸಾರ, ಅದೂ ಕೆಡದ ಕಿಡ್ನಿಯ ಇಲಿಗೆ ಕೊಟ್ಟದ್ದು, ಇಲ್ಲಿ ಮಲಗಿರುವ ಯಾರಿಗೂ ಅದರಲ್ಲಿ ಏನೂ ಇಲ್ಲ ಅಂದೆ. ನಿರ್ದೇಶಕರ ಹೆಸರು ಹೇಳಿದೆ, ನನ್ನ ಸಹಿಯ ವಿಷಯವನ್ನೂ ಹೇಳಿದೆ. ನರ್ಸ್ ಓಡಿ ಬಂದು, ಇದು ಆಸ್ಪತ್ರೆ, ದಯವಿಟ್ಟು ಮೆಲ್ಲಗೆ ಅಂದಳು.

ಅಣ್ಣನ ಕೈ ಮೇಲೆದ್ದಿತು. ಎಂದಿನ ಹಾಗೆ ಅಂಗೈ ಕೆಳಗೆ ಒತ್ತುತ್ತಾನೆ ಅಂದುಕೊಂಡೆ. ಅವನು ಬೆರಳು ಚಾಚಿ ವಾರ್ಡಿನ ಕೊನೆ ತೋರಿಸಿದ.

"ಇನ್ನೂ ಜೋರಾಗಿ ಹೇಳು, ಗುಡುಗಮ್ಮ. ಆ ಮೂಲೆಯೋರಿಗೆ ಕೇಳಿಸ್ತಿಲ್ಲ."

ಮತ್ತೆ ಮೊದಲಿನಿಂದ ಹೇಳಿದೆ.