ಕತ್ತಿನ ಹಿಂದಿನ ಎಳೆ

ಬ್ಯಾಂಕ್ ಮೇಡಂ ಬಂದವರೇ ಕಿಟಕಿ ಪಕ್ಕದ ಕುರ್ಚಿಯನ್ನು ದಾಟಿ ಹೋಗಿ ಒಳಗಿನ ಕುರ್ಚಿಯಲ್ಲಿ ಕೂತುಬಿಟ್ಟರು. ದೊಡ್ಡವಳು ಆಗಲೇ ಕಿಟಕಿ ಪಕ್ಕದ್ದನ್ನು ಒರೆಸಿ, ಬೆನ್ನಿಗೆ ದಿಂಬು ಇಟ್ಟು, ಅವರ ಎತ್ತರಕ್ಕೆ ಸರಿಯಾಗಿ ಎರಡು ಸಲ ಪೆಡಲ್ ಒತ್ತಿ ಇಳಿಸಿದ್ದಳು. ಹನ್ನೊಂದು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಒತ್ತುತ್ತಿತ್ತು. ಒರೆಸಿದ ಟವೆಲ್ ಕೈಯಲ್ಲೇ ಉಳಿಯಿತು.

"ಇವತ್ತು ಚಿಕ್ಕೋಳ ಕೈಲಿ ಮಾಡಿಸ್ಕೋತೀನಿ," ಎಂದರು ಮೇಡಂ, ಕನ್ನಡಿಯಲ್ಲಿ ಇವಳನ್ನು ನೋಡುತ್ತಲೇ. "ನೀವು ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಬೇಜಾರೇನು ಬಿಡಿ. ನಮ್ಮ ಹುಡುಗೀನೇ ಅಲ್ವಾ."

ಬೇಜಾರಷ್ಟೇ ಆಗಿದ್ದರೆ ದೊಡ್ಡವಳು ನುಂಗಿಕೊಳ್ಳುತ್ತಿದ್ದಳು. ಈ ತಲೆಯನ್ನು ಹನ್ನೊಂದು ವರ್ಷ ತೊಳೆದು, ಬಾಚಿ, ತುದಿ ಕತ್ತರಿಸಿದವಳು ಅವಳು. ಈ ಹೆಂಗಸು ಗುಮಾಸ್ತೆಯಾಗಿದ್ದಾಗಿನಿಂದ ಮ್ಯಾನೇಜರ್ ಆಗುವವರೆಗೆ ಬೈತಲೆ ಎಷ್ಟು ಅಗಲವಾಯಿತು ಎಂದು ಬೆರಳಲ್ಲಿ ಅಳೆದು ತೋರಿಸಬಲ್ಲವಳು. ಅಂಥವಳನ್ನು ಕಣ್ಣೆದುರಿಗೇ ದಾಟಿ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುವುದೆಂದರೆ.

ದೊಡ್ಡವಳು, ಚಿಕ್ಕವಳು ಇಬ್ಬರೂ ಓರಗಿತ್ತಿಯರು, ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡಿರು. ಗಿರಾಕಿಗಳ ಬಾಯಲ್ಲಿ ದೊಡ್ಡೋಳು, ಚಿಕ್ಕೋಳು. ಪಾರ್ಲರ್ ಕಟ್ಟಿದ್ದು ದೊಡ್ಡವಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು, ಇನ್ನೊಬ್ಬರ ಅಂಗಡಿಯಲ್ಲಿ ಕೂದಲು ಗುಡಿಸುತ್ತ ನೋಡಿ ಕಲಿತದ್ದನ್ನೇ ನಂಬಿಕೊಂಡು ಶುರು ಮಾಡಿದ್ದು. ಚಿಕ್ಕವಳು ಸೊಸೆಯಾಗಿ ಬಂದು ಎರಡು ವರ್ಷವಾಯಿತು. ಬರುವಾಗ ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿಕೊಂಡೇ ಬಂದಳು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಚೂಪು. ಎರಡನೇ ಕುರ್ಚಿ ಬಂತು, ಆಮೇಲೆ ಆ ಎರಡನೇ ಕುರ್ಚಿಗೆ ಕಾದು ಕೂರುವವರೂ ಬಂದರು.

ನ್ಯಾಯವಾಗಿ ಹೇಳಬೇಕೆಂದರೆ ಚಿಕ್ಕವಳದ್ದು ಏನೂ ತಪ್ಪಿಲ್ಲ. ಅದೇ ದೊಡ್ಡ ತೊಂದರೆ. ಜಂಬದವಳಾಗಿದ್ದರೆ ಒಂದು ಜಗಳ ತೆಗೆದು ಹಗುರಾಗಬಹುದಿತ್ತು. ಇವಳೋ ಬಾಯಿ ಬಿಟ್ಟರೆ 'ಅಕ್ಕ, ಅಕ್ಕ'. ದೊಡ್ಡವಳಿಗೆ ಸೊಂಟ ಹಿಡಿದಾಗ ಹದಿನೈದು ದಿನ ನೆಲ ಒರೆಸಲು ಬಿಟ್ಟವಳಲ್ಲ. ಹೀಗೆ ಕಾರಣವನ್ನೇ ಕೊಡದವರನ್ನು ದ್ವೇಷಿಸುವುದು ಬಲು ಸುಸ್ತಿನ ಕೆಲಸ.

ಹೋದ ವಾರ ಊಟಕ್ಕೆ ಕೂತಾಗ ದೊಡ್ಡವಳ ಗಂಡ ಹೇಳಿದ್ದ: "ಹೆಂಗಿದ್ರೂ ಬೋರ್ಡು ಹೊಸದು ಮಾಡಿಸ್ತೀವಲ್ಲ, ಚಿಕ್ಕೋಳ ಫೋಟೊ ಹಾಕ್ಸಿದ್ರೆ ಹೆಂಗೆ? ನಾಲ್ಕು ಜನ ಜಾಸ್ತಿ ಬರ್ತಾರೆ." ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಲಕ್ಷಣವಾಗಿರತ್ತೆ," ಎಂದಿದ್ದರು. ನೀರು ಬಡಿಸುತ್ತಿದ್ದ ದೊಡ್ಡವಳು ಗಂಡನ ಲೋಟ ತುಂಬಿ ಹರಿದು ಮೇಜಿನ ಮೇಲೆ ಬರುವವರೆಗೂ ಬಗ್ಗಿಸುತ್ತಲೇ ಇದ್ದಳು. ಯಾರೂ ಅದರ ಅರ್ಥ ಕೇಳಲಿಲ್ಲ. ಬಟ್ಟೆ ತಂದು ಒರೆಸಿದವಳೂ ಚಿಕ್ಕವಳೇ.

"ಕೂದಲು ನೆಟ್ಟಗೆ ನೇರ ಆಗ್ಬೇಕು. ತಿಳಿ ಕಂದು ಬಣ್ಣಾನೂ ಬೇಕು," ಎನ್ನುತ್ತಿದ್ದರು ಮೇಡಂ. "ಎರಡೂ ಇವತ್ತೇ ಮುಗಿಸಿಬಿಡು ಪುಟ್ಟಿ. ನಾಳೆ ಹೆಡ್ಡಾಫೀಸಿನೋರ ಜೊತೆ ಫೋಟೊ ಇದೆ."

"ಎರಡೂ ಒಂದೇ ದಿನ ಬೇಡ ಮೇಡಂ," ಎಂದಳು ಚಿಕ್ಕವಳು, ಅವರ ಹೆಗಲಿಗೆ ಬಟ್ಟೆ ಹೊದಿಸುತ್ತ. "ನೇರ ಮಾಡೋ ಕ್ರೀಮೂ ಖಾರ, ಬಣ್ಣಾನೂ ಖಾರ. ಪಾಪ ಕೂದಲು ಎಷ್ಟು ಅಂತ ತಡ್ಕೊಳ್ಳತ್ತೆ? ಇವತ್ತು ನೇರ ಮಾಡೋಣ. ಎರಡು ವಾರ ಅದು ಸುಧಾರಿಸ್ಕೊಳ್ಳಲಿ, ಆಮೇಲೆ ಬಣ್ಣ. ನಾನೇ ಫೋನ್ ಮಾಡಿ ಕರೀತೀನಿ."

"ನೀನು ಹೇಳಿದ್ರೆ ಸರಿ ಬಿಡು."

ಇದೇ ಮಾತನ್ನು ದೊಡ್ಡವಳು ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಹೇಳಿಲ್ಲ! ಅವಳು 'ಆಗಲ್ಲ ಅಂದ್ರೆ ಆಗಲ್ಲ' ಎನ್ನುತ್ತಿದ್ದಳು, ಗಿರಾಕಿ ಮುಖ ಊದಿಸಿಕೊಂಡು ಹೋಗುತ್ತಿದ್ದಳು. ಈ ಹುಡುಗಿ ಅದನ್ನೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳುತ್ತಾಳೆ.

"ಮೊದಲು ಏನಾದ್ರೂ ಹಚ್ಚಿದ್ದೀರಾ ಮೇಡಂ? ಡೈ, ಕರಿ ಪುಡಿ, ಏನಾದ್ರೂ?"

"ಛೆ, ಏನೂ ಇಲ್ಲ. ನಮ್ಮ ವಂಶಾನೇ ಹಂಗೆ, ಬೇಗ ಬೆಳ್ಳಗಾಗಲ್ಲ." ಹೇಳುತ್ತಿದ್ದ ಹಾಗೇ ಮೇಡಂ ಕಣ್ಣು ಕನ್ನಡಿಯಲ್ಲಿ ದೊಡ್ಡವಳ ಕಣ್ಣನ್ನು ಹುಡುಕಿ ಹಿಡಿಯಿತು. ದೊಡ್ಡವಳು ಬೆಂಚಿನ ಮೇಲೆ ಕೂತು ಟವೆಲ್ ಮಡಚುವುದಕ್ಕೆ ಶುರು ಮಾಡಿದಳು.

ಐವತ್ತನಾಲ್ಕರ ತಲೆಯಲ್ಲಿ ಒಂದೂ ಬಿಳಿ ಎಳೆ ಇಲ್ಲ ಎನ್ನುವುದನ್ನು ನಂಬುವಷ್ಟು ದಡ್ಡಿಯಲ್ಲ ಚಿಕ್ಕವಳು. ಕಲಿತ ಹುಡುಗಿ. ಗಾಜಿನ ಬಟ್ಟಲಿಗೆ ಬಣ್ಣದ ಜೊತೆ ಬೆರೆಸುವ ಡೆವಲಪರ್ ಹಾಕಿ, ಅಮೋನಿಯಾ ನಾಲ್ಕು ಹನಿ ಬಿಟ್ಟಳು. ಲೋಹ ಬೆರೆತ ಕರಿ ಪುಡಿ ಹಚ್ಚಿದ ಕೂದಲಾದರೆ ಆ ನೀರಿನಲ್ಲಿ ಬಿಸಿಯಾಗುತ್ತದೆ, ಗುಳ್ಳೆ ಏಳುತ್ತದೆ. ಅಂಥ ತಲೆಗೆ ಕ್ರೀಮು ಹಚ್ಚಿದರೆ ಕೂದಲು ಕೈಗೇ ಬರುತ್ತದೆ. ಅವಳು ಮೇಡಂ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ, ಕತ್ತಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆಯಿಂದ, ಒಂದು ಎಳೆ ಕತ್ತರಿಸಿ ಬಟ್ಟಲಿಗೆ ಹಾಕಿದಳು. ಕೋರ್ಸಿನಲ್ಲಿ ಹಾಗೇ ಹೇಳಿಕೊಟ್ಟಿದ್ದರು: ಗಿರಾಕಿಯ ಅಂದ ಕೆಡದ ಕಡೆಯಿಂದ ತೆಗೆಯಿರಿ.

ದೊಡ್ಡವಳ ಕೈ ಟವೆಲ್ ಮೇಲೆ ನಿಂತಿತು.

ಮೇಡಂ ಪುಡಿ ಹಚ್ಚಿಕೊಳ್ಳುವುದು ಬಚ್ಚಲ ಕನ್ನಡಿಯ ಮುಂದೆ, ಬಾಗಿಲು ಹಾಕಿಕೊಂಡು, ಒಬ್ಬರೇ. ಕಣ್ಣಿಗೆ ಕಂಡಷ್ಟಕ್ಕೆ, ಕೈಗೆ ಎಟುಕಿದಷ್ಟಕ್ಕೆ. ಮುಂದಲೆ, ನೆತ್ತಿ, ಕಿವಿಯ ಪಕ್ಕ. ಇನ್ನೂ ನರೆಯದ ಅವರ ಕತ್ತಿನ ಹಿಂದಿನ ಕೂದಲು ಹುಟ್ಟಿದಾಗಿನಿಂದ ಆ ಪುಡಿಯ ಮುಖ ನೋಡಿಲ್ಲ. ಅಲ್ಲಿಂದ ತೆಗೆದ ಎಳೆಯನ್ನು ಮೂರು ದಿನ ನೆನೆಸಿದರೂ ಬಟ್ಟಲು ತಣ್ಣಗೇ ಇರುತ್ತದೆ.

ಇದು ದೊಡ್ಡವಳಿಗೆ ಗೊತ್ತಾದ ಬಗೆ ಹೇಳಿಕೊಳ್ಳುವಂಥದ್ದಲ್ಲ. ಆರು ವರ್ಷದ ಹಿಂದೆ, ಇದೇ ಮೇಡಂಗೆ, ಆ ಕಿಟಕಿ ಪಕ್ಕದ ಕುರ್ಚಿಯಲ್ಲೇ ಅವಳು ನೇರ ಮಾಡುವ ಕ್ರೀಮು ಹಚ್ಚಿದ್ದಳು. ಏನೂ ಕೇಳಿರಲಿಲ್ಲ, ಕೇಳಬೇಕೆಂದೇ ಗೊತ್ತಿರಲಿಲ್ಲ. ತೊಳೆಯುವಾಗ ನೆತ್ತಿಯ ಒಂದು ಹಿಡಿ ಕೂದಲು ಒದ್ದೆ ನೂಲಿನ ಹಾಗೆ ಮೆತ್ತಗೆ ಅವಳ ಬಲ ಅಂಗೈಗೆ ಬಂದಿತ್ತು. "ನಿಮ್ಮನೆ ಬೋರ್‌ವೆಲ್ ನೀರು ಮೇಡಂ, ಬರೀ ಉಪ್ಪು," ಎಂದುಬಿಟ್ಟಿದ್ದಳು, ಬಾಯಿಗೆ ಬಂದದ್ದು. ನಾಲ್ಕು ತಿಂಗಳು ಬೈತಲೆಯನ್ನು ಓರೆ ತೆಗೆದು ಆ ಜಾಗ ಮುಚ್ಚಿ ಕಳಿಸಿದಳು. ಪುಡಿಯ ವಿಷಯ ಕ್ರೀಮು ಮಾರುವವನಿಂದ ತಿಳಿದದ್ದು ಆಮೇಲೆ. ಹುಡುಕಿ ನೋಡಿದರೆ ಮೇಡಂ ನೆತ್ತಿಯಲ್ಲಿ, ಕಿವಿಯ ಪಕ್ಕ ಪುಡಿಯ ಕರಿ ಅಂಟಿತ್ತು, ಕತ್ತಿನ ಹಿಂದೆ ಮಾತ್ರ ಇರಲಿಲ್ಲ. ಆಗ ಹೇಳಿದ್ದರೆ ತನ್ನ ತಪ್ಪನ್ನೂ ಹೇಳಬೇಕಾಗುತ್ತಿತ್ತು. ಮೇಡಂ ಆ ಉದುರಿದ ಕೂದಲಿನ ಸುದ್ದಿ ಯಾರಿಗೂ ಹೇಳಲಿಲ್ಲ, ಇವಳು ಅವರ ಪುಡಿಯ ಸುದ್ದಿ ಯಾರಿಗೂ ಹೇಳಲಿಲ್ಲ. ಇಬ್ಬರ ಬಾಯಿಗೂ ಒಂದೇ ಬೀಗ.

"ಹೊಸ ಮನೇಲಿ ನೀರು ಸಿಹಿ," ಎಂದರು ಮೇಡಂ ಇದ್ದಕ್ಕಿದ್ದ ಹಾಗೆ. "ಅದಕ್ಕೇ ಈಗ ಧೈರ್ಯವಾಗಿ ಬಂದೆ." ಚಿಕ್ಕವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಅರ್ಧ ಗಂಟೆ ಕಳೆಯಿತು. ಬಟ್ಟಲು ತಣ್ಣಗೇ ಇತ್ತು. "ಶುದ್ಧ ಕೂದಲು ಮೇಡಂ, ನಿಮ್ಮದು ಅದೃಷ್ಟ," ಎಂದು ಚಿಕ್ಕವಳು ಗ್ಲೌಸ್ ಹಾಕಿಕೊಂಡಳು.

ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ಗಿರಾಕಿಯ ಗುಟ್ಟು ಗಿರಾಕಿಗೇ ಇರಲಿ, ನಾಲ್ಕು ಜನರೆದುರು ಅವರ ಮರ್ಯಾದೆ ನಾನ್ಯಾಕೆ ಕಳೆಯಲಿ ಎಂದು ದೊಡ್ಡವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾಲ್ಕು ಜನ ಎಲ್ಲಿದ್ದರು? ಇದ್ದದ್ದೇ ಮೂವರು. ಆ ಸಮಾಧಾನದ ಕೆಳಗೆ ಇನ್ನೊಂದು ಮಾತು ಕೂತಿತ್ತು: ಆಗಲಿ. ಒಂದು ಸಲ ಅವಳ ಕೈಗೂ ಬರಲಿ ಒಂದು ಹಿಡಿ. ಫ್ರೇಮು ಹಾಕಿಸಿದ ಸರ್ಟಿಫಿಕೇಟು ಆಗ ಏನು ಹೇಳುತ್ತದೋ ನೋಡೋಣ. ಬೋರ್ಡಿನ ಮೇಲೆ ಅವಳ ಫೋಟೊ ಹಾಕಿಸಲಿ, ಹೆಸರು ಊರೆಲ್ಲ ಕೆಟ್ಟ ಮೇಲೆ. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ಹೆದರಿಕೆಯಾದರೂ ಎದ್ದೇಳಲಿಲ್ಲ. ಮಡಚಿಟ್ಟ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು.

ಚಿಕ್ಕವಳು ಕತ್ತಿನ ಕಡೆಯಿಂದ ಮೇಲಕ್ಕೆ ಪಾಲು ಪಾಲಾಗಿ ಕೂದಲು ತೆಗೆದು ಕ್ರೀಮು ಎಳೆಯುತ್ತ ಬಂದಳು. ಮೊದಲ ಸಾಲು, ಎರಡನೆಯದು, ಮೂರನೆಯದು. ಕೈ ಚಿಕ್ಕದು, ಆದರೆ ಅಚ್ಚುಕಟ್ಟು. ಕಿವಿಯ ಅಂಚಿಗೆ ವ್ಯಾಸಲೀನ್ ಸವರುವುದನ್ನು ದೊಡ್ಡವಳನ್ನು ನೋಡಿಯೇ ಕಲಿತದ್ದು. ಕೋರ್ಸಿನವರಿಗೆ ಅಷ್ಟು ಗೊತ್ತಿಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು. ಕೋಣೆಯ ತುಂಬ ಆ ಕ್ರೀಮಿನ ವಾಸನೆ ಏರಿತು, ಕೊಳೆತ ಮೊಟ್ಟೆಯ ಮೇಲೆ ಸೆಂಟು ಹೊಡೆದಂಥದ್ದು. ಆರು ವರ್ಷದಿಂದ ಆ ವಾಸನೆ ದೊಡ್ಡವಳ ಮೂಗಿಗೆ ಹೋದರೆ ಮೊದಲು ಎಚ್ಚರವಾಗುವುದು ಅವಳ ಬಲ ಅಂಗೈ. ಈಗಲೂ ಅಲ್ಲಿ ಆ ಒದ್ದೆಯಾದ, ಭಾರವೇ ಇಲ್ಲದ ಮುದ್ದೆ ಬಂದು ಕೂತಿತು.

ಬ್ರಷ್ಷು ನೆತ್ತಿಯ ಪಾಲಿಗೆ ಬಂತು.

"ನಿಲ್ಸು."

ದೊಡ್ಡವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. ಎದ್ದು ಹೋಗಿ, ಚಿಕ್ಕವಳ ಕೈಯಿಂದ ಬ್ರಷ್ಷು ತೆಗೆದಿಟ್ಟು, ಮೇಡಂ ನೆತ್ತಿಯ ಮೇಲಿಂದಲೇ, ಅಂದ ಕೆಡುವ ಕಡೆಯಿಂದಲೇ, ಒಂದು ಎಳೆ ಕತ್ತರಿಸಿ ಬಟ್ಟಲಿನಲ್ಲಿ ಹೊಸ ನೀರು ಕಲಸಿ ಹಾಕಿದಳು. ಬಟ್ಟಲನ್ನು ಚಿಕ್ಕವಳ ಅಂಗೈ ಮೇಲಿಟ್ಟಳು.

"ಏನಾಯ್ತು?" ಎಂದರು ಮೇಡಂ.

"ಒಂದು ನಿಮಿಷ ಮೇಡಂ."

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎಳೆಯ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದವು. ಚಿಕ್ಕವಳು ಗ್ಲೌಸ್ ಕಳಚಿ ಬಟ್ಟಲನ್ನು ಬರಿಗೈಗೆ ಬದಲಾಯಿಸಿಕೊಂಡಳು.

"ಬಿಸಿ ಆಗ್ತಿದೆ ಅಕ್ಕ," ಎಂದಳು ಪಿಸುಮಾತಿನಲ್ಲಿ. ಬಟ್ಟಲನ್ನು ನೋಡಿದಳು, ನೆತ್ತಿಯನ್ನು ನೋಡಿದಳು, ಆಮೇಲೆ ಬೆಂಚಿನ ಮೇಲೆ ಒಂದರ ಮೇಲೊಂದು ಕೂತಿದ್ದ ಟವೆಲ್‌ಗಳನ್ನು ನೋಡಿದಳು. "ಕತ್ತಿನ ಹಿಂದಿಂದ ತೆಗೆಯುವಾಗ ನೀವು ಇಲ್ಲೇ ಇದ್ರಲ್ಲ."

"ಮೊದ್ಲು ಹಿಂದಿಂದು ತೊಳಿ. ಹೊತ್ತಾಗ್ತಿದೆ."

ತೊಳೆಯುವ ಬೇಸಿನ್ನಿಗೆ ಮೇಡಂ ತಲೆ ಒರಗಿಸಿದಾಗ ದೊಡ್ಡವಳು ಅವರ ಕಿವಿಯ ಹತ್ತಿರ ಬಗ್ಗಿದಳು. "ಆ ಕರಿ ಪುಡಿ ಬಿಟ್ಟುಬಿಡಿ ಮೇಡಂ. ಅದು ಇರೋವರೆಗೂ ನೇರ ಮಾಡೋ ಕ್ರೀಮು ಬೇಡ, ಬೇರೆ ಬಣ್ಣಾನೂ ಬೇಡ. ಅದು ಹೋಗಲ್ಲ; ಬೆಳೆದು ಕತ್ತರಿಸಿಯೇ ಹೋಗ್ಬೇಕು. ಅವತ್ತು ಉದುರಿದ್ದು ನೀರಿಂದ ಅಲ್ಲ. ನಾನು ಕೇಳದೆ ಹಚ್ಚಿದ್ದೆ."

ನಲ್ಲಿಯ ನೀರು ಸುರಿಯುತ್ತಿತ್ತು.

"ಆರು ವರ್ಷ," ಎಂದರು ಮೇಡಂ, ಕಣ್ಣು ತೆರೆಯದೆ. "ತಿಂಗಳಿಗೊಂದ್ಸಲ ಟ್ಯಾಂಕ್ ತೊಳೆಸಿದೀನಿ ನಾನು. ಮನೆ ಬದಲಾಯಿಸೋವಾಗ ಮೊದಲು ನೋಡಿದ್ದು ನೀರು."

ದೊಡ್ಡವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

ಹಿಂದಿನ ಕೂದಲು ಕೆಲಸ ಮುಗಿಯುವ ಹೊತ್ತಿಗೆ ರೇಷ್ಮೆಯಾಗಿ ನೇರ ಇಳಿದಿತ್ತು. ಮುಂದಿನದನ್ನು ಚಿಕ್ಕವಳು ದುಂಡು ಬ್ರಷ್ಷಿನಲ್ಲಿ ಸುತ್ತಿ, ಬರೀ ಬಿಸಿಗಾಳಿಯಲ್ಲಿ ಹದವಾಗಿ ಬಾಗಿಸಿ, ಹಿಂದಿನದಕ್ಕೆ ಹೊಂದಿಸಿ ಕೂರಿಸಿದಳು. ಮೇಡಂ ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

"ಎಷ್ಟು ಜಾಣೆ ನೀನು," ಎಂದರು ಚಿಕ್ಕವಳ ಕೆನ್ನೆ ಮುಟ್ಟಿ. "ಇವತ್ತು ನಿನ್ನಿಂದ ನನ್ನ ತಲೆ ಉಳೀತು."

"ನಾನಲ್ಲ ಮೇಡಂ, ಅಕ್ಕ..."

"ಗೊತ್ತು," ಎಂದರು ಮೇಡಂ. ಬ್ಯಾಗು ತೆಗೆದುಕೊಂಡು, ಕಿಟಕಿ ಪಕ್ಕದ ಕುರ್ಚಿಯನ್ನೂ ಅದರ ಹಿಂದೆ ನಿಂತವಳನ್ನೂ ದಾಟಿ ಹೊರಗೆ ಹೋದರು. ದಿಂಬು ಇಟ್ಟಲ್ಲೇ ಇತ್ತು.

ಮಾಡಿದ ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಲೂ ಆಗದ ಸ್ಥಿತಿ ಬಂತಲ್ಲ ಎಂದು ದೊಡ್ಡವಳಿಗೆ ಉರಿಯಿತು. ಇಷ್ಟಾದರೂ, ಕೆನ್ನೆ ಮುಟ್ಟಿಸಿಕೊಂಡ ಆ ಹುಡುಗಿಯ ಮೇಲೆ ಇನ್ನೂ ಉರಿಯಿತು. ತಾನೆಂಥ ಹೆಂಗಸು ಎಂದು ಒಂದು ಗಳಿಗೆ ಅನಿಸಿತು. ಅನಿಸಿದ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ.

ಒಬ್ಬಳು ನೆಲ ಗುಡಿಸಿದಳು, ಇನ್ನೊಬ್ಬಳು ಬಟ್ಟಲು ತೊಳೆದಳು.

ನಾಲ್ಕು ಗಂಟೆಗೆ ಕಾಲೇಜು ಹುಡುಗಿಯೊಬ್ಬಳು ಬಂದು ಒಳಗಿನ ಕುರ್ಚಿಯಲ್ಲಿ ಕೂತಳು. ಗುಂಗುರು ಕೂದಲು, ತುದಿಯಲ್ಲಿ ಹಳೆಯ ಕೆಂಪು ಬಣ್ಣ. ನೇರ ಮಾಡಿಸಬೇಕಂತೆ. ಚಿಕ್ಕವಳು ಅವಳಿಗೆ ಬಟ್ಟೆ ಹೊದಿಸಿದಳು, ಮೊದಲು ಏನೇನು ಹಚ್ಚಿದ್ದೀಯ ಎಂದು ಕೇಳಿದಳು, ಬಟ್ಟಲಿನಲ್ಲಿ ನೀರು ಕಲಸಿದಳು. ಎಂದಿನ ಹಾಗೆ ಹುಡುಗಿಯ ತಲೆಯನ್ನು ಮುಂದಕ್ಕೆ ಬಾಗಿಸಿದವಳು ಅಲ್ಲೇ ತಡೆದು, ಕನ್ನಡಿಯಲ್ಲಿ ದೊಡ್ಡವಳ ಕಡೆ ನೋಡಿದಳು.

"ಎಲ್ಲಿಂದ ತೆಗೀಲಿ ಅಕ್ಕ?"

ದನಿ ಎಂದಿನದೇ. ನಗು ಮಾತ್ರ ಇರಲಿಲ್ಲ. ಅವಳ ಕೈಯಲ್ಲಿ ಕತ್ತರಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ದೊಡ್ಡವಳು ಟವೆಲ್ ಕೆಳಗಿಟ್ಟು, ಬಲ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಒಳಗಿನ ಕುರ್ಚಿಯ ಕಡೆಗೆ ನಡೆದಳು.